ನಿಮಗಿದು ಗೊತ್ತೇ? ಮಾತು ಬಾರದ ಕೂಸಿನ ಲೆಕ್ಕಾಚಾರ

● ಅಮ್ಮ ಎತ್ತಿಕೊಳ್ಳಲು ಎರಡೂ ಕೈ ಚಾಚುತ್ತಾಳೆ. ಕೈ ಇನ್ನೂ ಮೈಗೆ ತಾಗಿಲ್ಲ. ಅಷ್ಟರಲ್ಲೇ ಅಂಗಾತ ಮಲಗಿದ ಎರಡು ತಿಂಗಳ ಕೂಸು ಒದ್ದಾಟ ನಿಲ್ಲಿಸುತ್ತದೆ, ಕಾಲು ಬಿಗಿ ಹಿಡಿಯುತ್ತದೆ, ಎದೆಯ ಮೇಲಿದ್ದ ಕೈಗಳನ್ನು ಅಗಲಿಸಿ ಅಮ್ಮನ ಕೈಗೆ ಜಾಗ ಮಾಡಿಕೊಡುತ್ತದೆ. ಮೂರು, ನಾಲ್ಕು ತಿಂಗಳಿಗೆ ಈ ಹೊಂದಾಣಿಕೆ ಇನ್ನೂ ನಯವಾಗುತ್ತದೆ. ಬ್ರಿಟನ್ನಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ವಾಸುದೇವಿ ರೆಡ್ಡಿ ಮತ್ತು ಸಂಗಡಿಗರು ಒತ್ತಡ ಅಳೆಯುವ ಚಾಪೆಯ ಮೇಲೆ ಮಕ್ಕಳನ್ನು ಮಲಗಿಸಿ ಇದನ್ನು ದಾಖಲಿಸಿ 2013ರಲ್ಲಿ ಪ್ರಕಟಿಸಿದರು. ನಮ್ಮ ಬಾಣಂತಿ ಕೋಣೆಯ ಅಜ್ಜಿಯರು ‘ಎತ್ಕೋ ಅಂತಿದೆ ನೋಡೇ’ ಎಂದು ಹೇಳುತ್ತಲೇ ಬಂದಿದ್ದಾರೆ. ಅವರಿಗೆ ಚಾಪೆಯ ಸಾಕ್ಷಿ ಬೇಕಿರಲಿಲ್ಲ, ಅಷ್ಟೇ.

● ಮಾತೇ ಬಾರದ ಮಗುವಿನ ತಲೆಯಲ್ಲಿ ಏನಿದೆ ಎಂದು ತಿಳಿಯುವುದು ಹೇಗೆ? ಕಣ್ಣು ನೋಡಿ. ಅಮೆರಿಕದ ರಾಬರ್ಟ್ ಫ್ಯಾಂಟ್ಸ್ 1950ರ ದಶಕದ ಕೊನೆಯಲ್ಲಿ ಎಳೆಗೂಸುಗಳ ಮುಂದೆ ಎರಡು ಚಿತ್ರ ಹಿಡಿದು, ಯಾವುದನ್ನು ಎಷ್ಟು ಹೊತ್ತು ನೋಡುತ್ತವೆ ಎಂದು ಸಣ್ಣ ಕಿಂಡಿಯಿಂದ ಇಣುಕಿ ಲೆಕ್ಕ ಹಾಕಿದರು. ಮುಂದೆ ಬಂದವರು ಇದಕ್ಕೊಂದು ಉಪಾಯ ಸೇರಿಸಿದರು. ಒಂದೇ ದೃಶ್ಯವನ್ನು ಮತ್ತೆ ಮತ್ತೆ ತೋರಿಸಿದರೆ ಮಗುವಿಗೆ ಬೇಸರ ಬಂದು ಮುಖ ತಿರುಗಿಸುತ್ತದೆ. ಆಗ ದೃಶ್ಯವನ್ನು ತುಸು ಬದಲಿಸಬೇಕು. ಮಗು ಮತ್ತೆ ನೆಟ್ಟ ನೋಟ ನೆಟ್ಟರೆ, ಬದಲಾವಣೆ ಅದಕ್ಕೆ ಗೊತ್ತಾಯಿತು ಎಂದರ್ಥ. ಆಗಬಾರದ್ದು ಆದಾಗಲೂ ಹಾಗೆಯೇ, ನೋಟ ಕೀಳುವುದಿಲ್ಲ. ಮಗು ಸಾಮಾನ್ಯವಾಗಿ ಅಮ್ಮನ ತೊಡೆಯ ಮೇಲೇ ಕೂತಿರುತ್ತದೆ. ಅಮ್ಮ ಮಾತ್ರ ಕಣ್ಣು ಮುಚ್ಚಿಕೊಳ್ಳಬೇಕು ಅಥವಾ ಬೇರೆಡೆ ನೋಡಬೇಕು. ಇಲ್ಲದಿದ್ದರೆ ಅವಳ ಮೈಯ ಅಲುಗಾಟವೇ ಮಗುವಿಗೆ ಸುಳಿವಾದೀತು. ಕೆಳಗಿನ ಹೆಚ್ಚಿನ ಸಂಗತಿಗಳು ಈ ಒಂದೇ ಉಪಾಯದ ಫಲ. ಅವುಗಳ ಬಲವೂ ಅದೇ, ದೌರ್ಬಲ್ಯವೂ ಅದೇ.

● ಹುಟ್ಟಿ ಎರಡು ದಿನದ ಕೂಸಿಗೆ ಕೋಳಿ ಗೊತ್ತೇ? ಗೊತ್ತಿಲ್ಲ. ಆದರೆ ಕೋಳಿಯ ನಡಿಗೆಯನ್ನು ಬರೀ ಬೆಳಕಿನ ಚುಕ್ಕಿಗಳಲ್ಲಿ ತೋರಿಸಿದರೆ, ಅಡ್ಡಾದಿಡ್ಡಿ ಚಲಿಸುವ ಚುಕ್ಕಿಗಳಿಗಿಂತ ಹೆಚ್ಚು ಹೊತ್ತು ಅದನ್ನೇ ನೋಡುತ್ತದೆ. ಇಟಲಿಯ ಪಡೋವಾದ ಸಂಶೋಧಕರು 2008ರಲ್ಲಿ ಕಂಡದ್ದು ಇದು. ಮನುಷ್ಯರ ಬದಲು ಕೋಳಿಯನ್ನೇ ಏಕೆ ಆರಿಸಿದರು? ಎರಡು ದಿನದಲ್ಲಿ ಕೂಸು ಕೋಳಿಯನ್ನು ನೋಡಿ ಕಲಿತಿರಲು ಸಾಧ್ಯವೇ ಇಲ್ಲ ಎಂಬ ಖಾತ್ರಿಗೆ.

● ಸ್ವಿಸ್ ಮನೋವಿಜ್ಞಾನಿ ಜೀನ್ ಪಿಯಾಜೆ ತಮ್ಮ ಮೂವರು ಮಕ್ಕಳನ್ನೇ ಗಮನಿಸಿ 1937ರಲ್ಲಿ ಒಂದು ಪುಸ್ತಕ ಬರೆದರು. ಆಟಿಕೆಯ ಮೇಲೆ ಬಟ್ಟೆ ಮುಚ್ಚಿದರೆ ಎಂಟು ತಿಂಗಳೊಳಗಿನ ಮಗು ಅದನ್ನು ಹುಡುಕುವುದೇ ಇಲ್ಲ. ಹಾಗಾಗಿ ಕಣ್ಮರೆಯಾದದ್ದು ಆ ಮಗುವಿನ ಪಾಲಿಗೆ ಇಲ್ಲವೇ ಇಲ್ಲ ಎಂಬುದು ಅವರ ತೀರ್ಮಾನ. ದಶಕಗಳ ಕಾಲ ಎಲ್ಲರೂ ಇದನ್ನೇ ಓದಿದರು, ನಮ್ಮ ಬಿ.ಎಡ್. ವಿದ್ಯಾರ್ಥಿಗಳೂ.

1985ರಲ್ಲಿ ರೆನೆ ಬೈಯಾರ್ಜೋನ್, ಎಲಿಜಬೆತ್ ಸ್ಪೆಲ್ಕಿ ಮತ್ತು ಸ್ಟ್ಯಾನ್ಲಿ ವಾಸರ್‌ಮನ್ ಕೈಯನ್ನು ಬಿಟ್ಟು ಕಣ್ಣನ್ನು ಕೇಳಿದರು. ಮೇಜಿನ ಮೇಲೆ ತಿರುಗಣಿ ಜೋಡಿಸಿದ ಒಂದು ಹಲಗೆ. ಅದು ಮುಂದಿನಿಂದ ಎದ್ದು ಹಿಂದಕ್ಕೆ ಪೂರ್ತಿ ಮಲಗುತ್ತದೆ. ಐದು ತಿಂಗಳ ಮಗುವಿಗೆ ಇದನ್ನು ಸಾಕೆನಿಸುವಷ್ಟು ತೋರಿಸಿದ ಮೇಲೆ, ಹಲಗೆಯ ಹಿಂದೆ ಅದರ ಕಣ್ಣೆದುರೇ ಒಂದು ಪೆಟ್ಟಿಗೆ ಇಟ್ಟರು. ಹಲಗೆ ಏಳುತ್ತಿದ್ದಂತೆ ಪೆಟ್ಟಿಗೆ ಮರೆಯಾಯಿತು. ಒಮ್ಮೆ ಹಲಗೆ ಪೆಟ್ಟಿಗೆಗೆ ತಾಗಿ ನಿಂತಿತು. ಇನ್ನೊಮ್ಮೆ ಪೆಟ್ಟಿಗೆ ಇಲ್ಲವೇನೋ ಎಂಬಂತೆ ಪೂರ್ತಿ ಹಿಂದಕ್ಕೆ ಮಲಗಿಬಿಟ್ಟಿತು (ಪೆಟ್ಟಿಗೆಯನ್ನು ಗುಟ್ಟಾಗಿ ತೆಗೆದಿದ್ದರು). ಮಕ್ಕಳು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದ್ದು ಈ ಎರಡನೆಯದನ್ನು. ಕಾಣದ ಪೆಟ್ಟಿಗೆ ಅಲ್ಲೇ ಇದೆ, ಅದರ ಮೂಲಕ ಹಲಗೆ ತೂರಲಾರದು ಎಂಬುದು ಅವಕ್ಕೆ ತಿಳಿದಿತ್ತು. 1987ರಲ್ಲಿ ಮೂರೂವರೆ ತಿಂಗಳ ಕೆಲವು ಮಕ್ಕಳಲ್ಲೂ ಇದೇ ಫಲಿತಾಂಶ ಬಂತು. ‘ಅದು ನೋಡಿ ಪರಿಚಯವಾಗಿದ್ದ ಚಲನೆ, ಅದಕ್ಕೇ ಹೆಚ್ಚು ಹೊತ್ತು ನೋಡಿದವು’ ಎಂದು ತಕರಾರು ತೆಗೆದವರೂ ಇದ್ದಾರೆ. ಆದರೆ ಬೇರೆ ಬೇರೆ ಬಗೆಯ ಪ್ರಯೋಗಗಳು ಒಂದೇ ಕಡೆ ಬೆರಳು ಮಾಡುತ್ತಿರುವಾಗ ಆ ತಕರಾರು ಪೂರ್ತಿ ನಿಲ್ಲುವುದಿಲ್ಲ. ಪಿಯಾಜೆ ಕಂಡದ್ದು ಸುಳ್ಳಲ್ಲ. ಬಟ್ಟೆ ಸರಿಸಿ ಆಟಿಕೆ ತೆಗೆಯುವ ಕೈಚಳಕ ಎಂಟು ತಿಂಗಳ ತನಕ ಬರುವುದಿಲ್ಲ. ತಿಳಿದದ್ದನ್ನು ಮಾಡಿ ತೋರಿಸಲು ಕೈ ಇನ್ನೂ ಪಳಗಬೇಕು.

● ಮೇಜಿನ ಅಂಚಿನಲ್ಲಿಟ್ಟ ವಸ್ತು ಬೀಳುತ್ತದೆಯೇ? ಮೂರು ತಿಂಗಳ ಮಗುವಿನ ನ್ಯಾಯ ಸರಳ: ಎಲ್ಲಿಯಾದರೂ ತಾಗಿದ್ದರೆ ಸಾಕು, ಬೀಳುವುದಿಲ್ಲ. ಐದು ತಿಂಗಳಿಗೆ, ಮೇಲೆ ಕೂತಿರಬೇಕು, ಪಕ್ಕಕ್ಕೆ ಅಂಟಿದರೆ ಸಾಲದು. ಆರೂವರೆಗೆ, ತಳದ ಎಷ್ಟು ಭಾಗ ಮೇಲಿದೆ ಎಂಬ ಲೆಕ್ಕ. ವಸ್ತುವಿನ ಆಕಾರ ನೋಡಿ ಅದು ಯಾವ ಕಡೆ ಭಾರ ಎಂಬುದು ಹೊಳೆಯಲು ವರ್ಷ ತುಂಬಬೇಕು.

● ಇದಕ್ಕಿಂತ ವಿಚಿತ್ರ ಇನ್ನೊಂದಿದೆ. ಎತ್ತರದ ಒಂದು ಸಿಲಿಂಡರನ್ನು ಗಿಡ್ಡ ತಡಿಕೆಯ ಹಿಂದೆ ಇಳಿಸಿದಾಗ ಅದು ಪೂರ್ತಿ ಮರೆಯಾದರೆ, ನಾಲ್ಕೂವರೆ ತಿಂಗಳ ಮಗು ‘ಇದು ಹೇಗೆ?’ ಎಂಬಂತೆ ನೋಡುತ್ತದೆ. ಅದೇ ಸಿಲಿಂಡರನ್ನು ಅಷ್ಟೇ ಗಿಡ್ಡ ಡಬ್ಬಿಯೊಳಗೆ ಇಳಿಸಿ ಮಾಯ ಮಾಡಿದರೆ? ಏಳೂವರೆ ತಿಂಗಳ ತನಕ ಅದಕ್ಕೇನೂ ಅನ್ನಿಸುವುದಿಲ್ಲ. ಮೇಲಿಂದ ಗಿಡ್ಡ ಡಬ್ಬಿ ಕವುಚಿ ಮಾಯ ಮಾಡಿದರೆ ಸುಮಾರು ಹನ್ನೆರಡು ತಿಂಗಳು. ವಸ್ತು ಒಂದೇ, ಎತ್ತರ ಒಂದೇ. ಆದರೆ ‘ಹಿಂದೆ ಹೋಗುವುದು’, ‘ಒಳಗೆ ಹೋಗುವುದು’, ‘ಮುಚ್ಚಿಹೋಗುವುದು’ ಮಗುವಿನ ತಲೆಯಲ್ಲಿ ಬೇರೆ ಬೇರೆ ಖಾತೆಗಳು. ಒಂದರಲ್ಲಿ ಕಲಿತದ್ದು ಇನ್ನೊಂದಕ್ಕೆ ತಾನಾಗಿ ಜಮಾ ಆಗುವುದಿಲ್ಲ. ಸೂಸಾನ್ ಹೆಸ್ಪೋಸ್ ಮತ್ತು ಬೈಯಾರ್ಜೋನ್ 2001ರಲ್ಲಿ ಮೊದಲ ಎರಡು ಖಾತೆಗಳ ಈ ಅಂತರವನ್ನು ಪ್ರಕಟಿಸಿದಾಗ ಅದನ್ನು ಅಚ್ಚರಿಯ ವ್ಯತ್ಯಾಸ ಎಂದೇ ಕರೆದರು.

● ಒಂದಕ್ಕೆ ಒಂದು ಕೂಡಿಸಿದರೆ ಎರಡು. ಐದು ತಿಂಗಳ ಮಗುವಿಗೂ ಅಷ್ಟೇ. ಪರದೆಯ ಹಿಂದೆ ಒಂದೊಂದಾಗಿ ಎರಡು ಗೊಂಬೆ ಇಟ್ಟು, ಪರದೆ ಇಳಿಸಿದಾಗ ಒಂದೇ ಗೊಂಬೆ ಇದ್ದರೆ ಅದು ಹೆಚ್ಚು ಹೊತ್ತು ನೋಡುತ್ತದೆ. ಕ್ಯಾರೆನ್ ವಿನ್, 1992. ಗೊಂಬೆ ಮಿಕ್ಕಿ ಮೌಸ್.

● ಕೆಂಪು ಇಟ್ಟಿಗೆ ಸರಿದು ಬಂದು ಹಸಿರು ಇಟ್ಟಿಗೆಗೆ ತಾಗಿತು, ಹಸಿರು ಹೊರಟಿತು. ‘ಕೆಂಪು ಹಸಿರನ್ನು ತಳ್ಳಿತು’ ಎಂದು ನಮಗೆ ನೋಡಿದೊಡನೆ ಅನ್ನಿಸುತ್ತದೆ. ತಾಗಿ ಅರೆಗಳಿಗೆ ಬಿಟ್ಟು ಹೊರಟರೆ ಹಾಗನ್ನಿಸುವುದಿಲ್ಲ. ಬೆಲ್ಜಿಯಂನ ಆಲ್ಬರ್ಟ್ ಮಿಷೋಟ್ 1946ರ ತಮ್ಮ ಪುಸ್ತಕದಲ್ಲಿ ದೊಡ್ಡವರ ಈ ಅನ್ನಿಸಿಕೆಯನ್ನು ಬಿಡಿಸಿಟ್ಟರು. ಮಕ್ಕಳಿಗೂ ಹೀಗೇ ಅನ್ನಿಸುತ್ತದೆಯೇ?

ಲಂಡನ್ನಿನಲ್ಲಿ ಆಲನ್ ಲೆಸ್ಲಿ ಮತ್ತು ಸ್ಟೆಫನಿ ಕೀಬಲ್ 1987ರಲ್ಲಿ ಆರು ತಿಂಗಳ ಮಕ್ಕಳಿಗೆ ಈ ಎರಡೂ ಬಗೆಯ ಚಿತ್ರ ತೋರಿಸಿದರು. ಒಂದು ಗುಂಪಿಗೆ ನೇರ ತಳ್ಳುವ ಚಿತ್ರ, ಇನ್ನೊಂದಕ್ಕೆ ತಡವಾಗಿ ಹೊರಡುವ ಚಿತ್ರ. ಬೇಸರ ಬಂದ ಮೇಲೆ ಎರಡನ್ನೂ ಹಿಂದುಮುಂದಾಗಿ ಓಡಿಸಿದರು. ಕಣ್ಣಿಗೆ ಕಾಣುವ ಬದಲಾವಣೆ ಎರಡರಲ್ಲೂ ಒಂದೇ: ದಿಕ್ಕು ತಿರುಗಿತು. ಆದರೆ ನೇರ ತಳ್ಳುವ ಚಿತ್ರದಲ್ಲಿ ತಿರುಗಿದ್ದು ದಿಕ್ಕೊಂದೇ ಅಲ್ಲ. ತಳ್ಳಿದ್ದು ತಳ್ಳಿಸಿಕೊಂಡಿತು, ತಳ್ಳಿಸಿಕೊಂಡದ್ದು ತಳ್ಳಿತು. ಮಕ್ಕಳು ಹೆಚ್ಚು ಗಮನ ಕೊಟ್ಟದ್ದು ಇದಕ್ಕೇ. ಕರ್ತೃ, ಕರ್ಮ ಎಂದು ನಾವು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ಭೇದ ಆರು ತಿಂಗಳ ಕಣ್ಣಿನಲ್ಲಿ ಆಗಲೇ ಇದೆ. ನನ್ನ ಮಟ್ಟಿಗೆ ಈ ಅಂಕಣದ ತೂಕದ ಸಂಗತಿ ಇದೇ.

● ಕೈ ಏನನ್ನು ಬಯಸುತ್ತದೆ? ಅಮಾಂಡ ವುಡ್‌ವರ್ಡ್ 1998ರಲ್ಲಿ ಕೇಳಿದ ಪ್ರಶ್ನೆ. ಎಡಕ್ಕೆ ಚೆಂಡು, ಬಲಕ್ಕೆ ಕರಡಿ ಗೊಂಬೆ. ಒಂದು ಕೈ ಪ್ರತಿಸಲವೂ ಕರಡಿಯನ್ನೇ ಹಿಡಿಯುತ್ತದೆ. ಆಮೇಲೆ ಎರಡರ ಜಾಗ ಅದಲುಬದಲು. ಈಗ ಕೈ ಹಳೆಯ ದಾರಿಯಲ್ಲೇ ಹೋಗಿ ಚೆಂಡನ್ನು ಹಿಡಿದರೆ ಆರು ತಿಂಗಳ ಮಗು ಹೆಚ್ಚು ಹೊತ್ತು ನೋಡುತ್ತದೆ. ಹೊಸ ದಾರಿಯಲ್ಲಿ ಹೋಗಿ ಕರಡಿಯನ್ನೇ ಹಿಡಿದರೆ ‘ಸರಿ, ಬಿಡು’ ಎಂದು ಸುಮ್ಮನಾಗುತ್ತದೆ. ದಾರಿ ಮುಖ್ಯವಲ್ಲ, ಗುರಿ ಮುಖ್ಯ ಎಂದಾಯಿತು. ಕೈಯ ಬದಲು ಕೋಲು ಹೋಗಿ ತಾಗಿದರೆ ಈ ಭೇದ ಕಾಣುವುದಿಲ್ಲ. ಕೋಲಿಗೆ ಬಯಕೆ ಇಲ್ಲವಲ್ಲ.

ಮೂರು ತಿಂಗಳ ಮಗುವಿಗೆ ಇದು ತಿಳಿಯದು. ತಾನೇ ಏನನ್ನೂ ಹಿಡಿಯಲಾರದ ವಯಸ್ಸು. ಆದರೆ ಅದಕ್ಕೆ ವೆಲ್ಕ್ರೋ ಅಂಟಿಸಿದ ಕೈಗವಸು ತೊಡಿಸಿ, ತಾಗಿದ ಆಟಿಕೆ ಕೈಗೆ ಅಂಟಿ ಬರುವಂತೆ ಕೆಲವು ನಿಮಿಷ ಆಡಲು ಬಿಟ್ಟರೆ? ಆಮೇಲೆ ಇನ್ನೊಬ್ಬರ ಕೈಯ ಗುರಿಯೂ ಅದಕ್ಕೆ ಹೊಳೆಯುತ್ತದೆ. 2005ರ ಈ ಪ್ರಯೋಗದಲ್ಲಿ ಮೊದಲು ನೋಡಿ ಆಮೇಲೆ ಆಡಿದ ಮಕ್ಕಳಿಗೆ ಆ ಲಾಭ ಸಿಗಲಿಲ್ಲ. ಮಾಡಿದ ಮೇಲೆ ಕಂಡದ್ದೇ ಬೇರೆ.

● ಹನ್ನೆರಡು ತಿಂಗಳ ಮಗುವಿನ ಎದುರು ಯಾರಾದರೂ ಚೆಂಡುಗಳನ್ನು ಒಂದೊಂದಾಗಿ ಬಕೆಟ್ಟಿಗೆ ಹಾಕುತ್ತಿದ್ದರೆ, ಕೈ ತಲುಪುವ ಮೊದಲೇ ಮಗುವಿನ ನೋಟ ಬಕೆಟ್ಟಿಗೆ ಹೋಗಿ ಕೂತಿರುತ್ತದೆ, ನಮ್ಮ ನೋಟದ ಹಾಗೆಯೇ. ಆರು ತಿಂಗಳ ಮಗುವಿನ ನೋಟ ಕೈಯ ಹಿಂದೆಯೇ ಬರುತ್ತದೆ. ಚೆಂಡುಗಳು ತಾವಾಗಿ ಹಾರಿ ಹೋದರೆ ವರ್ಷದ ಮಗುವಿನ ನೋಟವೂ ಮುಂದೆ ಓಡುವುದಿಲ್ಲ. ಸ್ವೀಡನ್ನಿನ ಉಪ್ಸಾಲ, 2006.

● ಕೈ ಬಿಡುವಿದ್ದರೂ ಹಣೆಯಿಂದ ದೀಪದ ಗುಂಡಿ ಒತ್ತುವವರನ್ನು ಕಂಡರೆ ನೀವೇನೆಂದುಕೊಳ್ಳುತ್ತೀರಿ? ‘ಏನೋ ಕಾರಣ ಇರಬೇಕು’ ಎಂದು ತಾನೇ? ಹದಿನಾಲ್ಕು ತಿಂಗಳ ಮಕ್ಕಳೂ ಹಾಗೆಯೇ. ಹಂಗೆರಿಯ ಗ್ಯೋರ್ಗಿ ಗೆರ್ಗೆಲಿ ಮತ್ತು ಸಂಗಡಿಗರ 2002ರ ಪ್ರಯೋಗದಲ್ಲಿ ಒಬ್ಬಾಕೆ ಮುಂದಕ್ಕೆ ಬಾಗಿ ಹಣೆಯಿಂದ ದೀಪ ಹೊತ್ತಿಸಿದಳು. ಅವಳ ಕೈಗಳು ಮೇಜಿನ ಮೇಲೆ ಬಿಡುವಾಗಿ ಇದ್ದಾಗ, ಶೇ 69ರಷ್ಟು ಮಕ್ಕಳು ತಾವೂ ಹಣೆಯನ್ನೇ ಬಳಸಿದರು. ಚಳಿಯಾಗುತ್ತಿದೆ ಎಂದು ಅವಳು ಕಂಬಳಿ ಹೊದ್ದು ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡಿದ್ದಾಗ, ಹಾಗೆ ಮಾಡಿದವರು ಶೇ 21 ಮಾತ್ರ. ಉಳಿದವರು ಹಾಯಾಗಿ ಕೈಯಿಂದ ಒತ್ತಿದರು. ಪಾಪ, ಅವಳಿಗೆ ಕೈ ಬಿಡುವಿರಲಿಲ್ಲ, ನನಗಿದೆಯಲ್ಲ! ಮಕ್ಕಳು ಕಂಡದ್ದನ್ನೆಲ್ಲ ನಕಲು ಹೊಡೆಯುತ್ತಾರೆ ಎನ್ನುವವರು ಇದನ್ನು ಗಮನಿಸಬೇಕು.

● ದೊಡ್ಡವನಿಗೆ ಸಣ್ಣವನು ದಾರಿ ಬಿಡಬೇಕು ಎಂಬ ಲೋಕರೂಢಿ ಹತ್ತು ತಿಂಗಳಿಗೇ ಗೊತ್ತು. ಎದುರುಬದುರು ಸಿಕ್ಕಿದ ಎರಡು ಬೊಂಬೆ ಚೌಕಗಳಲ್ಲಿ ದೊಡ್ಡದೇ ಸಣ್ಣದಕ್ಕೆ ತಲೆಬಾಗಿದರೆ ಮಕ್ಕಳು ಬಿಟ್ಟ ಕಣ್ಣಿನಿಂದ ನೋಡುತ್ತಾರೆ. ಎಂಟು ತಿಂಗಳಿನವರಿಗೆ ಅದರ ಪರಿವೆ ಇಲ್ಲ. (2011)

● ಇನ್ನೂ ಒಂದು: ಹತ್ತು ತಿಂಗಳ ಮಗು ಬೆಲೆಯನ್ನೂ ಕಟ್ಟುತ್ತದೆ. ಒಬ್ಬ ಗೆಳೆಯನಿಗಾಗಿ ಎತ್ತರದ ಗೋಡೆ ಹಾರುವ, ಇನ್ನೊಬ್ಬನಿಗಾಗಿ ಗಿಡ್ಡ ಗೋಡೆ ಮಾತ್ರ ಹಾರುವ ಬೊಂಬೆ, ಕೊನೆಗೆ ಯಾರ ಬಳಿ ಹೋದೀತು? ಹೆಚ್ಚು ಕಷ್ಟಪಟ್ಟದ್ದು ಯಾರಿಗಾಗಿಯೋ ಅವನ ಬಳಿಗೆ ಎಂದು ಮಗು ಎಣಿಸುತ್ತದೆ. (2017)

● ಎಂಜಲಿನ ವಿಷಯ ಗೊತ್ತೇ? ‘ಎಂಜಲು ಮಾಡಬೇಡ’ ಎಂದು ಗದರಿಸಿಕೊಂಡು ಬೆಳೆದ ನಮಗೆ ಯಾರ ಎಂಜಲು ಯಾರು ತಿನ್ನಬಹುದು ಎಂಬುದು ನೆಂಟಸ್ತಿಕೆಯ ನಕ್ಷೆಯೇ. ಆಶ್ಲಿ ಥಾಮಸ್, ಸ್ಪೆಲ್ಕಿ, ರೆಬೆಕಾ ಸ್ಯಾಕ್ಸ್ ಮೊದಲಾದವರು 2022ರಲ್ಲಿ ಅಮೆರಿಕದ ಮಕ್ಕಳಲ್ಲಿ ಇದನ್ನೇ ಪರೀಕ್ಷಿಸಿದರು. ಒಬ್ಬಾಕೆ ಗೊಂಬೆಯೊಡನೆ ಒಂದೇ ಕಿತ್ತಳೆ ತೊಳೆಯನ್ನು ಕಚ್ಚಿ ಹಂಚಿಕೊಂಡು ತಿಂದಳು. ಇನ್ನೊಬ್ಬಾಕೆ ಅದೇ ಗೊಂಬೆಯೊಡನೆ ಚೆಂಡಾಡಿದಳು. ಆಮೇಲೆ ಗೊಂಬೆ ಅಳತೊಡಗಿತು. ಇನ್ನೂ ವರ್ಷ ತುಂಬದ ಮಕ್ಕಳ ನೋಟ ಮೊದಲು ಹರಿದದ್ದು ಎಂಜಲು ಹಂಚಿಕೊಂಡವಳ ಕಡೆಗೆ. ಅಳುವ ಗೊಂಬೆಯನ್ನು ಸಂತೈಸಬೇಕಾದವಳು ಇವಳು ಎಂಬುದು ಅವುಗಳ ಎಣಿಕೆ. ನೋಟಕ್ಕೆ ಇಷ್ಟು ದೊಡ್ಡ ಅರ್ಥ ಹಚ್ಚಬಹುದೇ ಎಂಬ ಸಂಶಯ ನನಗೂ ಇದೆ. ಆದರೂ ಫಲಿತಾಂಶ ಸೊಗಸಾಗಿದೆ.

● ಆಗಬಾರದ್ದು ಆದಾಗ ಮಗು ಬರೀ ಬೆಪ್ಪಾಗಿ ನೋಡುವುದಿಲ್ಲ, ತನಿಖೆಗೆ ಇಳಿಯುತ್ತದೆ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಏಮಿ ಸ್ಟಾಲ್ ಮತ್ತು ಲೀಸಾ ಫೈಗನ್‌ಸನ್ 2015ರಲ್ಲಿ ಹನ್ನೊಂದು ತಿಂಗಳ ಮಕ್ಕಳಿಗೆ ಎರಡು ಜಾದೂ ತೋರಿಸಿದರು. ಕೆಲವರಿಗೆ ಚೆಂಡು ಗೋಡೆಯ ಮೂಲಕ ತೂರಿ ಹೋದಂತೆ ಕಂಡಿತು. ಕೆಲವರಿಗೆ ಆಟಿಕೆ ಕಾರು ಗಾಳಿಯಲ್ಲಿ ನಿಂತಂತೆ ಕಂಡಿತು. ಆಮೇಲೆ ಆ ಆಟಿಕೆಯನ್ನೇ ಕೈಗೆ ಕೊಟ್ಟರು. ಗೋಡೆ ತೂರಿದ ಚೆಂಡನ್ನು ಮಕ್ಕಳು ಮೇಜಿಗೆ ಕುಟ್ಟಿ ನೋಡಿದರು, ಗಟ್ಟಿ ಇದೆಯೋ ಇಲ್ಲವೋ ಎಂಬಂತೆ. ಗಾಳಿಯಲ್ಲಿ ನಿಂತ ಕಾರನ್ನು ಕೆಳಕ್ಕೆ ಬಿಟ್ಟು ನೋಡಿದರು. ಅಷ್ಟೇ ಅಲ್ಲ, ಜಾದೂ ಮಾಡಿದ ಆಟಿಕೆಯ ಬಗ್ಗೆ ಹೊಸದೇನನ್ನಾದರೂ ಹೇಳಿಕೊಟ್ಟರೆ ಚೆನ್ನಾಗಿ ಕಲಿತರು. ಸಾದಾ ಆಟಿಕೆಯ ಬಗ್ಗೆ ಕಲಿಯಲಿಲ್ಲ. ಊಟದ ಹೊತ್ತಿನಲ್ಲಿ ಚಮಚವನ್ನು ಮತ್ತೆ ಮತ್ತೆ ನೆಲಕ್ಕೆ ಕೆಡವುವ ಮಗುವಿನ ಮೇಲೆ ರೇಗುವವರಿಗೆ ಇದರಿಂದ ಸಮಾಧಾನವಾಗಲಿಕ್ಕಿಲ್ಲ.

● ಹಾಗೆಂದು ಎಲ್ಲ ಸುದ್ದಿಯನ್ನೂ ಕಣ್ಣಿಗೊತ್ತಿಕೊಳ್ಳಬೇಡಿ. ಗುಡ್ಡ ಹತ್ತುವವನಿಗೆ ನೆರವಾದ ಬೊಂಬೆಯನ್ನು ಆರು ತಿಂಗಳ ಮಕ್ಕಳು ಮೆಚ್ಚುತ್ತಾರೆ, ಅಡ್ಡಿ ಮಾಡಿದ್ದನ್ನು ದೂರ ಇಡುತ್ತಾರೆ ಎಂದು ಯೇಲ್ ವಿಶ್ವವಿದ್ಯಾಲಯದವರು 2007ರಲ್ಲಿ ಬರೆದದ್ದು ಜಗತ್ತಿನೆಲ್ಲೆಡೆ ಸುದ್ದಿಯಾಯಿತು. ಮುಂದೆ ಹಲವು ದೇಶಗಳ ಪ್ರಯೋಗಾಲಯಗಳು ಸೇರಿ ಸಾವಿರದಷ್ಟು ಮಕ್ಕಳಲ್ಲಿ ಮತ್ತೆ ಪರೀಕ್ಷಿಸಿದಾಗ ಅಂಥ ಒಲವೇನೂ ಕಾಣಲಿಲ್ಲ. ನಾವು ನಾಲಿಗೆ ಚಾಚಿದರೆ ನವಜಾತ ಶಿಶುವೂ ನಾಲಿಗೆ ಚಾಚುತ್ತದೆ ಎಂಬ 1977ರ ಪ್ರಸಿದ್ಧ ಶೋಧಕ್ಕೂ ಇದೇ ಗತಿ: 2016ರಲ್ಲಿ ಆಸ್ಟ್ರೇಲಿಯದ 106 ಮಕ್ಕಳಲ್ಲಿ ಅದು ಸಿಗಲಿಲ್ಲ. ನಾಲಿಗೆ ಚಾಚುವುದು ಎಳೆ ಮಕ್ಕಳ ಹುಟ್ಟುಗುಣ. ಎದುರಿಗೆ ಯಾರು ಏನು ಮಾಡಿದರೂ ಅವು ಚಾಚುತ್ತಲೇ ಇರುತ್ತವೆ.

● ಕೆಲಸಗಳ ನಡುವೆ ಅಲ್ಪವಿರಾಮ ಇಲ್ಲ. ನೆಲಕ್ಕೆ ಬಿದ್ದ ಟವೆಲ್ಲನ್ನು ಕಂಡು ಬಾಗಿ, ಎತ್ತಿ, ಕೊಂಡೊಯ್ದು ನೇತುಹಾಕುವುದು ಒಂದೇ ಹರಿವು. ಆದರೂ ಅದರ ಚಿತ್ರವನ್ನು ಕೆಲಸದ ನಡುವೆ ತಡೆದು ನಿಲ್ಲಿಸಿದರೆ ಹತ್ತು–ಹನ್ನೊಂದು ತಿಂಗಳ ಮಕ್ಕಳು ಹೆಚ್ಚು ಹೊತ್ತು ನೋಡುತ್ತಾರೆ. ಕೆಲಸ ಮುಗಿದಲ್ಲಿ ನಿಲ್ಲಿಸಿದರೆ ಅಷ್ಟು ನೋಡುವುದಿಲ್ಲ (ಡೇರ್ ಬಾಲ್ಡ್‌ವಿನ್ ಮತ್ತಿತರರು, 2001). ಕ್ರಿಯಾಪದ ಕಲಿಯಲು ಇದು ಬೇಕೇಬೇಕು. ಎಲ್ಲಿ ‘ಎತ್ತು’ ಮುಗಿದು ಎಲ್ಲಿ ‘ನೇತುಹಾಕು’ ಶುರುವಾಯಿತು ಎಂದು ತಿಳಿಯದವರಿಗೆ ಆ ಪದಗಳಿಂದ ಏನು ಉಪಯೋಗ?

● ಕೊರಿಯನ್ ಭಾಷೆಯಲ್ಲಿ ಬಿಗಿಯಾಗಿ ಕೂರುವುದಕ್ಕೆ ಒಂದು ಕ್ರಿಯಾಪದ: ಬೆರಳಿಗೆ ಉಂಗುರ, ಪೆನ್ನಿಗೆ ಕ್ಯಾಪು. ಸಡಿಲವಾಗಿ ಒಳಗಿಡುವುದಕ್ಕೆ ಬೇರೆಯದು. ಇಂಗ್ಲಿಷಿಗೆ ಈ ಭೇದ ಬೇಕಿಲ್ಲ. ನಾವೂ ಉಂಗುರ, ಕ್ಯಾಪು, ಡಬ್ಬಿಗೆ ಸಕ್ಕರೆ ಎಲ್ಲವನ್ನೂ ‘ಹಾಕು’ ಎಂದೇ ಮುಗಿಸುತ್ತೇವೆ. ಹೆಸ್ಪೋಸ್ ಮತ್ತು ಸ್ಪೆಲ್ಕಿ 2004ರಲ್ಲಿ ಇಂಗ್ಲಿಷ್ ಮನೆಗಳ ಐದು ತಿಂಗಳ ಮಕ್ಕಳನ್ನು ಪರೀಕ್ಷಿಸಿದರು. ಬಿಗಿ, ಸಡಿಲದ ಭೇದ ಅವಕ್ಕೆ ಕಂಡಿತು. ಇಂಗ್ಲಿಷ್ ಆಡುವ ದೊಡ್ಡವರಿಗೆ ಅದರ ಕಡೆ ಗಮನವೇ ಹೋಗಲಿಲ್ಲ. ಭಾಷೆ ಕೆಲವು ಕಣ್ಣು ತೆರೆಸುತ್ತದೆ ಎನ್ನುತ್ತಾರೆ. ಕೆಲವನ್ನು ಮುಚ್ಚಿಸುತ್ತದೆ ಎಂಬುದನ್ನೂ ಸೇರಿಸಬೇಕು.

● ಆರರಿಂದ ಒಂಬತ್ತು ತಿಂಗಳೊಳಗೆ ಮಕ್ಕಳಿಗೆ ತಿಂಡಿಯ, ಮೈಯ ಅಂಗಗಳ ಕೆಲವು ಹೆಸರು ತಿಳಿದಿರುತ್ತವೆ. ‘ತಿನ್ನು’ ಬಗೆಯ ಪದಗಳು ತುಸು ತಡ, ಸುಮಾರು ಹತ್ತು ತಿಂಗಳು. ಕ್ರಿಯಾಪದ ಏಕೆ ಕಷ್ಟ? 1999ರ ಒಂದು ಪ್ರಯೋಗದಲ್ಲಿ ಅಮ್ಮ–ಮಗುವಿನ ವಿಡಿಯೊದಿಂದ ದನಿ ತೆಗೆದು, ಅಮ್ಮ ಒಂದು ಪದ ಹೇಳಿದ ಕಡೆ ‘ಬೀಪ್’ ಹಾಕಿ, ಅದು ಯಾವ ಪದ ಎಂದು ಕಾಲೇಜು ವಿದ್ಯಾರ್ಥಿಗಳನ್ನು ಕೇಳಿದರು. ನಾಮಪದಗಳನ್ನು ಶೇ 45ರಷ್ಟು ಸಲ ಸರಿಯಾಗಿ ಊಹಿಸಿದವರು ಕ್ರಿಯಾಪದಗಳಲ್ಲಿ ಶೇ 15ಕ್ಕೆ ನಿಂತರು. ಅರ್ಥಗಳೆಲ್ಲ ಮೊದಲೇ ಗೊತ್ತಿದ್ದ ದೊಡ್ಡವರ ಪಾಡೇ ಇದು.

● ‘ಕೊಡು’ ಎಂದರೆ ಮೂವರ ವ್ಯವಹಾರ: ಕೊಡುವವರು, ಪಡೆಯುವವರು, ವಸ್ತು. ‘ತಗೊಂಡು ಹೋಗು’ ಎನ್ನಲು ಒಯ್ಯುವವರು ಮತ್ತು ವಸ್ತು ಇದ್ದರೆ ಸಾಕು. ಬುಡಾಪೆಸ್ಟಿನ ಡೆನಿಸ್ ಟಟೋನೆ ಮತ್ತು ಸಂಗಡಿಗರು 2015ರಲ್ಲಿ ಹನ್ನೆರಡು ತಿಂಗಳ ಮಕ್ಕಳಲ್ಲಿ ಈ ಎಣಿಕೆಯನ್ನು ಕಂಡರು. ಕೊಟ್ಟದ್ದನ್ನು ಅವು ಇಬ್ಬರ ನಡುವಿನ ಸಂಬಂಧವಾಗಿ ಕಾಣುತ್ತವೆ. ತಗೊಂಡು ಹೋದದ್ದನ್ನು ಹಾಗೆ ಕಾಣುವುದಿಲ್ಲ.

● ಕೊನೆಯದು ನಮ್ಮದೇ. ‘ಓಡು’ಗೆ ‘-ಇಸು’ ಸೇರಿಸಿದರೆ ‘ಓಡಿಸು’, ‘ಏರು’ಗೆ ಸೇರಿಸಿದರೆ ‘ಏರಿಸು’. ಒಬ್ಬರು ಇನ್ನೊಬ್ಬರಿಂದ ಮಾಡಿಸುತ್ತಿದ್ದಾರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಗುರುತು ಬೇಕೇ? ಜೊತೆಗೆ, ಮಾತಿನಲ್ಲಿ ನಾವು ನಾಮಪದಗಳನ್ನು ಧಾರಾಳವಾಗಿ ನುಂಗುತ್ತೇವೆ: ‘ತಿಂದ್ಯಾ?’ ‘ತಿಂದೆ.’ ಯಾರು, ಏನನ್ನು ಎಂಬುದು ಕೇಳುವವರ ಊಹೆಗೆ. ಹಾಗಾಗಿ ಕನ್ನಡದ ಮಗುವಿಗೆ ನಾಮಪದಗಳ ಎಣಿಕೆಗಿಂತ ‘-ಇಸು’ವೇ ನಂಬಿಕೆಯ ಸುಳಿವಾಗಬೇಕಿತ್ತು.

ಜೆಫ್ರಿ ಲಿಡ್ಸ್, ಹೆನ್ರಿ ಗ್ಲೈಟ್‌ಮನ್ ಮತ್ತು ಲೈಲಾ ಗ್ಲೈಟ್‌ಮನ್ ಕನ್ನಡ ಕಲಿಯುತ್ತಿದ್ದ ಸುಮಾರು ಮೂರು ವರ್ಷದ ಮಕ್ಕಳಿಗೆ ವಾಕ್ಯ ಹೇಳಿ, ಅದನ್ನು ಆಟಿಕೆಗಳಲ್ಲಿ ಆಡಿ ತೋರಿಸಲು ಹೇಳಿದರು. ವಾಕ್ಯದಲ್ಲಿ ಎರಡು ನಾಮಪದ ಇದ್ದಾಗ ಮಕ್ಕಳು ಒಂದು ಇನ್ನೊಂದರಿಂದ ಮಾಡಿಸುವ ಆಟ ಕಟ್ಟಿದರು. ಒಂದೇ ಇದ್ದಾಗ ಅದು ತಾನಾಗಿ ಮಾಡಿತು. ಕ್ರಿಯಾಪದಕ್ಕೆ ‘-ಇಸು’ ಅಂಟಿದೆಯೋ ಇಲ್ಲವೋ ಎಂಬುದು ಅವರ ಆಟವನ್ನು ಬದಲಿಸಲಿಲ್ಲ. ತಳ್ಳಿದವರು ಯಾರು, ತಳ್ಳಿಸಿಕೊಂಡವರು ಯಾರು, ಒಟ್ಟು ಎಷ್ಟು ಜನ ಎಂಬ ತೊಟ್ಟಿಲಿನ ದಿನಗಳ ಲೆಕ್ಕವನ್ನೇ ಅವರು ವಾಕ್ಯಕ್ಕೂ ಹಚ್ಚಿದರು ಎಂದು ನಾನು ಓದಿಕೊಳ್ಳುತ್ತೇನೆ. ಈ ಅಧ್ಯಯನ 2003ರಲ್ಲಿ ‘ಕಾಗ್ನಿಷನ್’ ಪತ್ರಿಕೆಯಲ್ಲಿ ಪ್ರಕಟವಾಯಿತು.